ಅಂಜೋರನ ಸಮಾಧಿಗೆ ಬರಬೇಕಾಗಿದ್ದ ಚೆಂಡು

ಈಸ್ಟರಿಗೆ ಊರಿಗೆ ಹೋಗಿಬರುತ್ತೇನೆ ಎಂದಾಗ ಫ್ರಾನ್ಸಿನ ಕ್ಲಬ್ಬಿನ ಮ್ಯಾನೇಜರು ಜಾಬಾನ ಕತ್ತನ್ನೇ ನೋಡುತ್ತ ಹೇಳಿದ್ದ: "ಹೋಗು. ಆದ್ರೆ ನಿಮ್ಮೂರಿನ ಆ ಆಟಕ್ಕೆ ಮಾತ್ರ ಇಳೀಬೇಡ."

"ಇಳಿಯಲ್ಲ," ಎಂದಿದ್ದ ಜಾಬಾ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಹತ್ತು ವರ್ಷಕ್ಕೂ ಮೇಲೆ ಅವನು ಅಲ್ಲಿ ರಗ್ಬಿ ಆಡಿ ಬದುಕಿದ್ದ. ಎರಡು ತಂಡಗಳು ತಲೆಗೆ ತಲೆ ಕೊಟ್ಟು ನೂಕಾಡುವ ಸ್ಕ್ರಮ್ಮಿನಲ್ಲಿ ಮುಂದಿನ ಸಾಲಿನ ಕಂಬ ಅವನು. ಕಂಬಗಳ ಹೆಸರು ಪತ್ರಿಕೆಯಲ್ಲಿ ಬರುವುದು ಕಡಿಮೆ. ಕತ್ತು ಸವೆಯುವುದು ಮಾತ್ರ ಅವರದೇ.

ಈ ವರ್ಷ ಆಟಕ್ಕೆ ಇಳಿಯದೆ ಇರುವಂತಿರಲಿಲ್ಲ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಸೋದರಮಾವ ಅಂಜೋರ್ ತೀರಿಕೊಂಡಿದ್ದ. ಗುರಿಯಾ ಸೀಮೆಯ ಆ ಹಳ್ಳಿಯಲ್ಲಿ ಮೇಲಿನೂರಿಗೂ ಕೆಳಗಿನೂರಿಗೂ ಈಸ್ಟರಿನ ದಿನ ಲೇಲೋ ಎಂಬ ಚೆಂಡಾಟ ನಡೆಯುತ್ತದೆ. ಗೆದ್ದ ಊರಿನವರು ಆ ವರ್ಷ ತೀರಿಕೊಂಡ ತಮ್ಮವರೊಬ್ಬರ ಸಮಾಧಿಯ ಮೇಲೆ ಚೆಂಡನ್ನು ಇಡುತ್ತಾರೆ. ಈ ಸಲ ತಪ್ಪಿದರೆ ಅಂಜೋರನಿಗೆ ಇನ್ನು ಸರದಿಯಿಲ್ಲ. ಮುಂದಿನ ಈಸ್ಟರಿಗೆ ಬೇರೆ ಸತ್ತವರಿರುತ್ತಾರೆ. ಅಪ್ಪನಿಲ್ಲದ ಜಾಬಾನನ್ನು ಸಾಕಿ, ತನ್ನ ಲಾರಿಯಲ್ಲೇ ಕೂರಿಸಿಕೊಂಡು ಹೋಗಿ ರಾಜಧಾನಿ ತ್ಬಿಲಿಸಿಯ ರಗ್ಬಿ ಶಾಲೆಗೆ ಸೇರಿಸಿದವನು ಅಂಜೋರ್. ಅವನನ್ನು ಮಣ್ಣು ಮಾಡಿದ ದಿನ ಜಾಬಾ ಫ್ರಾನ್ಸಿನ ಮಳೆಯಲ್ಲಿ ಪಂದ್ಯ ಆಡುತ್ತಿದ್ದ.

ಬೆಳಿಗ್ಗೆ ಅಂಜೋರನ ಹೆಂಡತಿ ತ್ಸಿಯಾಲಾ ಅತ್ತೆ ಕೆಂಪು ಬಣ್ಣ ಹಾಕಿದ ಮೊಟ್ಟೆಗಳನ್ನು ಒರೆಸಿ ತಟ್ಟೆಗೆ ಜೋಡಿಸುತ್ತಿದ್ದಳು.

"ಕತ್ತು ಹೇಗಿದೆ?" ಎಂದಳು.

"ಇದೆ."

"ಇರೋದು ಕಾಣ್ತಿದೆ. ತಿರುಗುತ್ತಾ ಅಂತ ಕೇಳಿದ್ದು."

ಜಾಬಾ ತಿರುಗಿಸಿ ತೋರಿಸಿದ. ಅರ್ಧಕ್ಕೇ ನಿಂತಿತು.

"ಬೇಡ ಅಂತ ಹೇಳಲ್ಲ ಮಗಾ," ಎಂದಳು ಅತ್ತೆ. "ಹೇಳಬೇಕು. ಆದ್ರೆ ನಾನೂ ಆ ಚೆಂಡಿಗಾಗಿ ಕಾಯ್ತಾ ಇದೀನಿ."

ಮಧ್ಯಾಹ್ನ ಪಾದ್ರಿ ಚೆಂಡಿನ ಮೇಲೆ ದ್ರಾಕ್ಷಾರಸ ಎರೆದು ಜನರ ನಡುವೆ ಎಸೆದರು. ಮಣ್ಣು ತುಂಬಿ ಹೊಲಿದ ತೊಗಲಿನ ಚೆಂಡು, ಒಂದು ಕುರಿಮರಿಯಷ್ಟು ಭಾರ. ಅದನ್ನು ತಮ್ಮ ಕಡೆಯ ಹಳ್ಳ ದಾಟಿಸಿದವರು ಗೆದ್ದಂತೆ. ಬೇರೆ ನಿಯಮವಿಲ್ಲ. ಮುದುಕರು, ಗಡ್ಡ ಮೂಡದವರು, ಹೊಟ್ಟೆ ಬಂದ ಪೊಲೀಸರು, ಎಲ್ಲರೂ ಒಂದೇ ಮುದ್ದೆಯಾದರು. ಆ ಮುದ್ದೆ ಬೇಲಿಗಳನ್ನು ಮುರಿದುಕೊಂಡು, ಯಾರದೋ ಹಿತ್ತಿಲಿಗೆ ನುಗ್ಗಿ, ಮತ್ತೆ ರಸ್ತೆಗೆ ಬಂತು. ಯಾರಾದರೂ ಕೆಳಗೆ ಸಿಕ್ಕಿ ಉಸಿರುಗಟ್ಟಿದರೆ ಒಬ್ಬ ಕೈ ಎತ್ತಿ ಕೂಗುತ್ತಿದ್ದ. ಎಲ್ಲರೂ ಸರಿದು ಅವನನ್ನು ಎಬ್ಬಿಸಿ, ನೀರು ಕುಡಿಸಿ, ಮತ್ತೆ ಅವನನ್ನೇ ನೂಕುತ್ತಿದ್ದರು.

"ಲೋ ಜಾಬಾ, ಇಲ್ಲಿ ಕ್ಯಾಮೆರಾ ಇಲ್ಲ, ಸರಿಯಾಗಿ ನೂಕು," ಎಂದು ಬೆನ್ನ ಹಿಂದೆ ಒತಿಯಾ ಏದುತ್ತಿದ್ದ. ಒತಿಯಾ ಅಂಜೋರನ ಮಗ.

"ನೀನು ನನ್ನ ಬೆನ್ನ ಮೇಲೆ ಮಲಗಿದೀಯ. ಇಳಿ ಮೊದಲು."

ಆ ಇಕ್ಕಟ್ಟಿನೊಳಗೆ ಜಾಬಾನಿಗೆ ಒಂದು ಬಗೆಯ ನಿಶ್ಶಬ್ದ ಸಿಕ್ಕಿತ್ತು. ಸ್ಕ್ರಮ್ಮಿನಲ್ಲೂ ಅದು ಇರುತ್ತದೆ: ಹೊರಗೆ ಸಾವಿರ ಜನ ಕೂಗುತ್ತಿದ್ದರೂ ಒಳಗೆ ಪಕ್ಕದವನ ಉಸಿರೊಂದೇ. ಬಿಸಿಲು ಇಳಿಯುವ ಹೊತ್ತಿಗೆ ಚೆಂಡು ಅವನ ಎದೆಗೆ ಬಂತು. ಅವನು ಹೆಗಲು ತಗ್ಗಿಸಿ, ಎರಡು ಮೈಗಳ ಸಂದಿನಿಂದ ಹೊರಬಿದ್ದ. ಮುಂದೆ ಯಾರೂ ಇರಲಿಲ್ಲ. ಹುಲ್ಲಿನ ಇಳಿಜಾರು, ಅದರ ಕೊನೆಗೆ ತಮ್ಮ ಮೇಲಿನೂರಿನ ಹಳ್ಳ. ಹಳ್ಳದಾಚೆ ನಿಂತಿದ್ದ ಹೆಂಗಸರಲ್ಲಿ ಕಪ್ಪು ಬಟ್ಟೆಯ ಅತ್ತೆಯೂ ಕಂಡಳು.

ಹಿಂದಿನಿಂದ ಯಾರೋ ಕಾಲಿಗೆ ಬಿದ್ದು ತಬ್ಬಿದರು. ಜಾಬಾ ನೆಲಕ್ಕುರುಳಿದ. ನೀರಿನ ಸದ್ದು ಕೇಳುವಷ್ಟು ಹತ್ತಿರ ಹಳ್ಳ. ಚೆಂಡನ್ನು ಅಪ್ಪಿ ಹಿಡಿದು ತೆವಳಿದ್ದರೆ ಸಾಕಿತ್ತು.

ಅವನು ಮೈ ಮಡಚಿ, ತೋಳು ಚಾಚಿ, ಚೆಂಡನ್ನು ಬೆನ್ನ ಹಿಂದೆ ಅಚ್ಚುಕಟ್ಟಾಗಿ ನೆಲದ ಮೇಲಿಟ್ಟು ಕೈ ತೆಗೆದ.

ರಗ್ಬಿಯಲ್ಲಿ ಕೆಡವಿದೊಡನೆ ಚೆಂಡು ಬಿಡಬೇಕು, ತನ್ನವರ ಕಡೆಗೆ ಇಟ್ಟು ಬಿಡಬೇಕು. ಶನಿವಾರ ಶನಿವಾರವೂ ಆ ಕೈಗಳು ಮಾಡುತ್ತ ಬಂದ ಕೆಲಸ ಅದು. ಬಿಡದಿದ್ದರೆ ಸೀಟಿ ಬೀಳುತ್ತದೆ. ಇಲ್ಲಿ ಸೀಟಿಯವನಿರಲಿಲ್ಲ, ಹಿಂದೆ ತನ್ನವರೂ ಇರಲಿಲ್ಲ. ಕೆಳಗಿನೂರಿನ ಹುಡುಗನೊಬ್ಬ ಚೆಂಡನ್ನು ನೋಡಿ, ಜಾಬಾನನ್ನು ನೋಡಿ, ನಂಬಲಾಗದೆ ಒಂದು ಗಳಿಗೆ ನಿಂತ. ಆಮೇಲೆ ಎತ್ತಿಕೊಂಡು ಓಡಿದ.

ಮುಸ್ಸಂಜೆಗೆ ಚೆಂಡು ಕೆಳಗಿನ ಹಳ್ಳ ದಾಟಿತು.

"ಫ್ರೆಂಚರು ನಿನಗೆ ಸಂಬಳ ಕೊಡೋದು ಇದಕ್ಕಾ?" ಎಂದ ಒತಿಯಾ. ಅವನ ತುಟಿ ಒಡೆದಿತ್ತು. ಇನ್ನೂ ಏನೋ ಹೇಳಲು ಬಾಯಿ ತೆರೆದವನು ಜಾಬಾನ ಮುಖ ನೋಡಿ ಪಕ್ಕದಲ್ಲಿ ಕುಳಿತುಕೊಂಡ.

ಬೆಳಕು ಪೂರ್ತಿ ಆರುವ ಮೊದಲೇ ಅತ್ತೆ ಜಾಬಾನನ್ನು ಅಂಜೋರನ ಸಮಾಧಿಗೆ ಕರೆದೊಯ್ದಳು. ಕಲ್ಲಿನ ಮೇಲೆ ದ್ರಾಕ್ಷಾರಸ ಎರೆದು, ಒಂದು ಕೆಂಪು ಮೊಟ್ಟೆ ಇಟ್ಟಳು.

"ಹೇಳು ಅವನಿಗೆ."

"ಏನಂತ ಹೇಳ್ಲಿ?"

"ಆಗಿದ್ದನ್ನ. ಬೇರೆ ಯಾರ ಬಾಯಿಂದಾನೋ ಕೇಳೋದು ಬೇಡ."

ಜಾಬಾ ಮಂಡಿಯೂರಿದ. ಬಿದ್ದದ್ದನ್ನು ಹೇಳಿದ. ಬಿಟ್ಟದ್ದನ್ನು ಹೇಳಲು ಮಾತು ಸಾಲದೆ, ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿ, ತೋಳು ಚಾಚಿ ತೋರಿಸಿದ. ಅತ್ತೆಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಕಣ್ಣೊರೆಸಿಕೊಂಡಳು.

"ಅವನೂ ಮೊದಲು ನಗ್ತಿದ್ದ," ಎಂದಳು. "ಆಮೇಲೆ ಜೋಳ ಮುರಿಯೋವರೆಗೂ ನಿನ್ನ ಹತ್ರ ಮಾತು ಬಿಡ್ತಿದ್ದ." ಜಾಬಾನ ತೋಳು ಹಿಡಿದು, "ಏಳು. ಗೆದ್ದವರ ಕಡೆಯ ಸಮಾಧಿಗೂ ಹೋಗ್ಬೇಕು. ಹೋಗ್ದಿದ್ರೆ ಹೊಟ್ಟೆಕಿಚ್ಚು ಅಂತಾರೆ."

ಚೆಂಡು ಸೇರಿದ್ದು ಚಹಾ ತೋಟದಲ್ಲಿ ದುಡಿದು ಸತ್ತ ನೂತ್ಸಾ ಎಂಬ ಮುದುಕಿಗೆ. ಅವಳಿಗಿನ್ನೂ ಕಲ್ಲು ಹಾಕಿರಲಿಲ್ಲ. ಮಣ್ಣಿನ ಗುಪ್ಪೆಯ ಮೇಲೆ ಚೆಂಡು ನಿಲ್ಲದೆ ಉರುಳುತ್ತಿತ್ತು. ಜಾಬಾ ಬಗ್ಗಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಮುದುಕಿಯ ಮಗ ಬೇಲಿಯ ಬಳಿಯಿಂದ ಕಲ್ಲುಗಳನ್ನು ಆಯ್ದು ತಂದು ಸುತ್ತ ಒತ್ತು ಕೊಟ್ಟ.

"ನಿಂತಿತು, ಬಿಡಪ್ಪಾ," ಎಂದ ಮಗ.

ಜಾಬಾ ಕೈ ಬಿಡದೆ ಇನ್ನೊಂದು ಕಲ್ಲು ಕೇಳಿದ.