ಹರಕೆಯ ಹಾಲು

ಅರಸೀಕೆರೆಯ ಸೋಮಶೇಖರಯ್ಯನವರು ನಂಜನಗೂಡು ಸ್ಟೇಷನ್ನಿನಲ್ಲಿ ಇಳಿದಾಗ ಅವರ ಚೀಲದಲ್ಲಿ ಎರಡು ಪಂಚೆ, ಒಂದು ಹೊದಿಕೆ, ಹೆಂಡತಿಯ ಹಿತ್ತಾಳೆ ಚೊಂಬು ಇಷ್ಟೇ ಇದ್ದವು. ಅದು ತೊಂಬತ್ತೇಳನೇ ಇಸವಿಯ ಕಾರ್ತಿಕ ಮಾಸ. ಹೆಂಡತಿ ಶಿವನಂಜಮ್ಮ ತೀರಿಕೊಂಡು ವರ್ಷ ತುಂಬಿತ್ತು.

ಅದಕ್ಕೂ ಮೊದಲು ಅಯ್ಯನವರು ಎದೆನೋವೆಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆಕೆ ಹರಕೆ ಹೊತ್ತಿದ್ದರು. ಯಜಮಾನರು ಎದ್ದು ಮನೆಗೆ ಬಂದರೆ, ಕಾರ್ತಿಕ ಸೋಮವಾರದ ದಿನ ಕೈಯಾರೆ ಕರೆದ ಹಾಲಿನಿಂದ ನಂಜುಂಡೇಶ್ವರನಿಗೆ ಅಭಿಷೇಕ ಮಾಡಿಸುತ್ತೇನೆ ಎಂದು. ಯಜಮಾನರು ಎದ್ದು ಬಂದರು. ಹರಕೆ ಹೊತ್ತ ತಾಯಿ ಕಾರ್ತಿಕ ಹುಟ್ಟುವ ಮುಂಚೆಯೇ ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದುಬಿಟ್ಟರು. ಗಂಡ ತೀರಿಸಿದರೂ ಅದು ಆಕೆಗೇ ಸಲ್ಲುತ್ತದೆ ಎಂದು ಹಿರಿಯರು ಹೇಳಿದರು. ಆದರೆ ಜೀವಮಾನವೆಲ್ಲ ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದ ಅಯ್ಯನವರು ಹಸುವಿನ ಕೆಚ್ಚಲು ಮುಟ್ಟಿದವರಲ್ಲ.

ದೇವಸ್ಥಾನದ ಬೀದಿಯ ಹಣ್ಣುಕಾಯಿ ಅಂಗಡಿಯವರು ಪಕ್ಕದೂರು ಕಳಲೆಯ ಗುರುಮಲ್ಲಪ್ಪನ ಮನೆಗೆ ದಾರಿ ತೋರಿಸಿದರು. ಕೊಟ್ಟಿಗೆಯ ಕೆಲಸಕ್ಕೆ ಕೈಜೋಡಿಸುವುದು, ಮನೆಯವರ ಜೊತೆಗೇ ಉಂಡು ಜಗಲಿಯಲ್ಲಿ ಮಲಗುವುದು, ಹಾಲು ಕರೆಯುವುದನ್ನು ಕಲಿಯುವುದು ಎಂದು ಮಾತಾಯಿತು.

"ರೈಲ್ವೆಯೋರು ಸಗಣಿ ಬಾಚ್ತೀರಾ ಅಣ್ಣಾರೆ?" ಎಂದು ಗುರುಮಲ್ಲಪ್ಪನ ಹೆಂಡತಿ ಚನ್ನಾಜಮ್ಮ ಕೇಳಿದಳು.

"ಬಾಚ್ತೀನಿ ತಾಯಿ. ನಿಧಾನ, ಅಷ್ಟೆ."

"ನಮ್ಮ ಯಜಮಾನ್ರಿಗಿಂತ ನಿಧಾನ ಆಗಕ್ಕಿಲ್ಲ ಬುಡಿ. ಅವರು ಒಂದು ಮಂಕರಿ ಎತ್ತೋದ್ರೊಳಗೆ ಒಂದು ಸೀನೇ ಮುಗೀತದೆ."

ಅವಳು ಹೇಳಿದ್ದು ಸುಳ್ಳಲ್ಲ. ಗುರುಮಲ್ಲಪ್ಪ ಆ ಸೀಮೆಗೆಲ್ಲ ಹೆಸರಾದ ದುರ್ಯೋಧನ. ಬರುವ ಭಾನುವಾರ ರಾತ್ರಿ ತಿರುಮಕೂಡಲು ನರಸೀಪುರದಲ್ಲಿ ಅವನ ನಾಟಕವಿತ್ತು. ಮನೆಯೊಳಗೆ ಕೂಗಿದರೆ ಹೆಂಡತಿ ಬೈಯುತ್ತಾಳೆಂದು ಅವನ ಅಭ್ಯಾಸವೆಲ್ಲ ಕೊಟ್ಟಿಗೆಯಲ್ಲಿ. ಎರಡು ಹಸುಗಳಲ್ಲಿ ಒಂದು ಗಬ್ಬವಾಗಿ ಹಾಲು ಬತ್ತಿತ್ತು, ಕರೆಯುತ್ತಿದ್ದುದು ಕೆಂಪಿಯೊಂದೇ. ಅವನು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಂಡಿಯ ನಡುವೆ ಪಾತ್ರೆ ಹಿಡಿದು, "ಎಲವೋ ಭೀಮಾ" ಎಂದು ಶುರುಮಾಡಿದರೆ ಸೂರಿನ ಗುಬ್ಬಿಗಳು ಹಾರಿಹೋಗುತ್ತಿದ್ದವು. ಕೆಂಪಿ ಮಾತ್ರ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ನಿಲ್ಲುತ್ತಿತ್ತು. ಪಾತ್ರೆಯಲ್ಲಿ ನೊರೆ ಏರುತ್ತಿತ್ತು.

ಅಯ್ಯನವರು ಹುಲ್ಲು ಹಾಕಿದರು, ಕಲಗಚ್ಚು ಇಟ್ಟರು, ಮೈ ತೊಳೆದರು. ಬೆರಳು ಹೇಗೆ ಮಡಿಸಬೇಕೆಂದು ಗುರುಮಲ್ಲಪ್ಪ ತಾಳ್ಮೆಯಿಂದ ತೋರಿಸಿದ. ವಾರ ಮುಗಿಯುವುದರೊಳಗೆ ಕೈ ಪಳಗಿತು. ಆದರೆ ಹಾಲು ಇಳಿಯಲಿಲ್ಲ. ಕರು ಬಿಟ್ಟು ಎಳೆದು ಕಟ್ಟಿ, ಅಯ್ಯನವರು ಕೂತು ಮನಸ್ಸಿನಲ್ಲೇ ಶಿವನಾಮ ನೆನೆಯುತ್ತ ಕೆಚ್ಚಲು ಮುಟ್ಟಿದರೆ, ಕೆಂಪಿ ತಿರುಗಿ ನೋಡಿ ಹಾಲು ಮೇಲಕ್ಕೆಳೆದುಕೊಳ್ಳುತ್ತಿತ್ತು. ಆಮೇಲೆ ಗುರುಮಲ್ಲಪ್ಪ ಗುಡುಗುತ್ತ ಬಂದು ಕೂತರೆ ಧಾರಾಳವಾಗಿ ಕೊಡುತ್ತಿತ್ತು.

"ಹೊಸಬರು ಅಂತ ಮುನಿಸು ಕಣಣ್ಣ. ಸರಿ ಓಯ್ತದೆ," ಎಂದು ಅವನು ಸಮಾಧಾನ ಹೇಳಿದ.

ಅಯ್ಯನವರಿಗೆ ಸಮಾಧಾನವಾಗಲಿಲ್ಲ. ತಮ್ಮ ಕೈಯನ್ನು ದೇವರೇ ಒಪ್ಪುತ್ತಿಲ್ಲವೇನೋ ಎನ್ನಿಸಿತು. ಬರುವುದು ಕಾರ್ತಿಕದ ಕಡೆಯ ಸೋಮವಾರ. ಅದು ತಪ್ಪಿದರೆ ಇನ್ನೊಂದು ವರ್ಷ. ತಮ್ಮ ಎದೆ ಇನ್ನೊಂದು ವರ್ಷ ತಡೆಯುತ್ತದೆಂದು ಅವರು ಲೆಕ್ಕ ಹಾಕಿಕೊಂಡಿರಲಿಲ್ಲ.

ಭಾನುವಾರ ಮನೆಯವರೆಲ್ಲ ಟೆಂಪೋ ಹತ್ತಿ ನರಸೀಪುರಕ್ಕೆ ಹೋದರು. ಅಯ್ಯನವರನ್ನೂ ಎಳೆದುಕೊಂಡು ಹೋದರು. ಹೆಂಡತಿ ಹೋದ ಮೇಲೆ ಅವರು ಹಾಡು, ಕುಣಿತ ಇರುವ ಕಡೆ ತಲೆ ಹಾಕಿರಲಿಲ್ಲ. ಒಲ್ಲದ ಮನಸ್ಸಿನಿಂದಲೇ ಚಾಪೆಯ ಅಂಚಿನಲ್ಲಿ ಕೂತರು. ಆದರೆ ಬೆಳಗಿನ ಜಾವದ ಹೊತ್ತಿಗೆ, ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಅದೇ ಗುರುಮಲ್ಲಪ್ಪ ಸತ್ತ ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದಾಗ, ಅವರು ಹೆಗಲ ಚೌಕದ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಜನ ಒನ್ಸ್ ಮೋರ್ ಎಂದರು. ಗುರುಮಲ್ಲಪ್ಪ ಎರಡನೆಯ ಸಲವೂ ಕರೆದ.

ಆ ಒನ್ಸ್ ಮೋರ್ ಅವನ ಗಂಟಲು ತಿಂದಿತು. ಸೋಮವಾರ ಮುಂಜಾನೆ ಕಳಲೆಗೆ ಬಂದು ಇಳಿದಾಗ ಅವನ ಬಾಯಿಂದ ಬರುತ್ತಿದ್ದುದು ಬರೀ ಗಾಳಿ. ಮೊದಲು ತಾನು ಹಾಲು ಇಳಿಸಿ ಅಯ್ಯನವರಿಗೆ ಬಿಟ್ಟುಕೊಡೋಣವೆಂದು, ಮುಖದ ಬಣ್ಣವನ್ನೂ ಪೂರಾ ತೊಳೆಯದೆ ಕೆಂಪಿಯ ಪಕ್ಕ ಕೂತ. ಅಯ್ಯನವರು ಸ್ನಾನ ಮಾಡಿ, ವಿಭೂತಿ ಧರಿಸಿ, ಚೊಂಬು ಹಿಡಿದು ಬರುವಷ್ಟರಲ್ಲಿ ಅವನು ಬೆವರುತ್ತಿದ್ದ. ಪಾತ್ರೆಯಲ್ಲಿ ಒಂದು ತೊಟ್ಟೂ ಇರಲಿಲ್ಲ.

"ನನಗೂ ಕೊಡಾಕಿಲ್ಲ ಅಂತಾಳೆ," ಎಂದು ಪಿಸುಗುಟ್ಟಿದ.

ಬಾಗಿಲಲ್ಲಿ ನಿಂತಿದ್ದ ಚನ್ನಾಜಮ್ಮ ಗಂಡನನ್ನೂ ಹಸುವನ್ನೂ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. "ಅಯ್ಯೋ ನಮ್ಮ ಬುದ್ದಿಗಿಷ್ಟು. ಕರು ಹಾಕಿದಾಗಿಂದ ಇವಳು ಬೈಗುಳ ಕೇಳಿಕೊಂಡೇ ಹಾಲು ಕೊಟ್ಟವಳೆ ಕಣ್ರೀ. ಸುಮ್ಕೆ ಕೂತರೆ ಇವಳಿಗೆ ಯಾರೂ ಬಂದಂಗೇ ಇಲ್ಲ. ಅಣ್ಣಾರೆ, ನೀವು ಕೂತ್ಕೊಳಿ. ರಾತ್ರಿಯೆಲ್ಲ ಕೇಳಿದ್ದೀರಲ್ಲ, ಕೂಗಿ."

ಅಯ್ಯನವರು ಚೊಂಬು ಹಿಡಿದು ಕೂತರು. "ಅಭಿಷೇಕದ ಹಾಲು ತಾಯಿ. ದುರ್ಯೋಧನನ ಮಾತಾಡಿ ಕರೆಯೋದೆ? ಶಿವನ ಹೆಸರನ್ನೇ ಗಟ್ಟಿಯಾಗಿ ಹೇಳ್ತೀನಿ."

ಹೇಳಿದರು. ಆದರೆ ಅದು ದೇವರ ಮನೆಯಲ್ಲಿ ಹೇಳುವ ಸ್ವರ. ಕೆಂಪಿ ಬಾಲದಿಂದ ಅವರ ಕೆನ್ನೆಗೆ ಬೀಸಿತು.

"ಶಿವನಿಗೆ ಕಿವಿ ಚುರುಕು, ಇವಳಿಗಿಲ್ಲ," ಎಂದಳು ಚನ್ನಾಜಮ್ಮ. "ನಿಮ್ಮನೆಯಮ್ಮ ಇದ್ದಿದ್ರೆ ಏನು ಮಾಡೋರು?"

ಅಯ್ಯನವರು ಯೋಚಿಸಿದರು. ಶಿವನಂಜಮ್ಮ ಇದ್ದಿದ್ದರೆ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ, ಕೂಗಿ ಮತ್ತೆ, ಹೊತ್ತಾಯ್ತು, ಎನ್ನುತ್ತಿದ್ದರು.

"ಎಲವೋ ಭೀಮಾ," ಎಂದರು. ಧ್ವನಿ ಒಡೆಯಿತು. ಮತ್ತೊಮ್ಮೆ ಎತ್ತರಿಸಿ ಕೂಗಿದರು. ಮುಂದಿನ ಮಾತು ಮರೆತುಹೋಯಿತು. ಬಾಯಿಗೆ ಬಂದದ್ದನ್ನೇ ಹೇಳಿದರು: "ನನ್ನವರನ್ನು ಕಸಿದುಕೊಂಡೆಯಲ್ಲೋ. ಒಂದು ಮಾತು ಹೇಳದೆ, ಒಲೆಯ ಮುಂದಿನಿಂದಲೇ ಕಸಿದುಕೊಂಡೆಯಲ್ಲೋ. ಮಂಚ ಹಿಡಿದಿದ್ದವನು ನಾನು. ನನ್ನನ್ನು ಬಿಟ್ಟು ಆಕೆಯನ್ನು ಕರೆದೆಯಲ್ಲ, ಇದು ಯಾವ ನ್ಯಾಯ?"

ಅದು ಭೀಮನಿಗೆ ಹೇಳಿದ ಮಾತಾಗಿರಲಿಲ್ಲ. ಒಂದು ವರ್ಷ ಪೂಜೆಯಲ್ಲಿ ಕೂತು ಕೇಳಲಾರದೆ ನುಂಗಿಕೊಂಡದ್ದನ್ನು ಅವರು ಕೊಟ್ಟಿಗೆಯಲ್ಲಿ ಕೂಗಿ ಕೇಳುತ್ತಿದ್ದರು. ಚನ್ನಾಜಮ್ಮ ನಗು ನಿಲ್ಲಿಸಿದಳು. ಕೆಂಪಿ ಒಂದು ಹಿಂಗಾಲು ಸರಿಸಿ, ಕಣ್ಣು ಅರೆಮುಚ್ಚಿ, ಮೆಲುಕಿಗೆ ತೊಡಗಿತು. ಚೊಂಬಿನ ತಳಕ್ಕೆ ಮೊದಲ ಧಾರೆ ಬಿದ್ದು ಸದ್ದಾಯಿತು. ಅಯ್ಯನವರು ಕೂಗುತ್ತಲೇ ಕರೆದರು, ಅಳುತ್ತಲೇ ಕರೆದರು. ಚೊಂಬು ತುಂಬಿದ್ದು ತಿಳಿಯದೆ ಕರೆಯುತ್ತಿದ್ದಾಗ ಗುರುಮಲ್ಲಪ್ಪ ಮೆಲ್ಲನೆ ಪಾತ್ರೆ ಒಡ್ಡಿದ.

ಬಣ್ಣ ಉಳಿದ ಮುಖದಲ್ಲೇ ಅವನು ಅಯ್ಯನವರನ್ನು ಟಿವಿಎಸ್ ಗಾಡಿಯ ಹಿಂದೆ ಕೂರಿಸಿಕೊಂಡು ನಂಜನಗೂಡಿಗೆ ಕರೆತಂದ. ಗರ್ಭಗುಡಿಯ ಮುಂದೆ ಅರ್ಚಕರು ಚೊಂಬು ತೆಗೆದುಕೊಂಡು, "ಯಾರ ಹೆಸರಿಗೆ?" ಎಂದು ಕೇಳಿದರು.

"ಶಿವನಂಜಮ್ಮ," ಎಂದರು ಅಯ್ಯನವರು. ಕೂಗಿ ಒರಟಾಗಿದ್ದ ಆ ಧ್ವನಿ ಹಿಂದಿನ ಸಾಲಿನವರಿಗೂ ಕೇಳಿಸಿತು.

ಹಾಲು ಲಿಂಗದ ಮೇಲೆ ಇಳಿಯಿತು. ಬೈದವನ ಕೈಯ ಹಾಲನ್ನು ಸ್ವಾಮಿ ಬೇಡವೆನ್ನಲಿಲ್ಲ.

ಹೊರಗೆ ಬಂದಾಗ ಗುರುಮಲ್ಲಪ್ಪ ಗಾಡಿ ತಿರುಗಿಸಿಕೊಂಡು ಕಾಯುತ್ತಿದ್ದ. ಮಧ್ಯಾಹ್ನದ ರೈಲಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅವನು ಸ್ಟೇಷನ್ನಿನ ಕಡೆ ಕೈ ತೋರಿಸಿದ. ಆಮೇಲೆ ತನ್ನ ಗಂಟಲು ಮುಟ್ಟಿಕೊಂಡು, "ಸಂಜೆಗೆ ಕೆಂಪಿನ ಯಾರು ಕರೀತಾರಣ್ಣ?" ಎಂದು ಉಸುರಿದ.

ಸೋಮಶೇಖರಯ್ಯನವರು ಖಾಲಿ ಚೊಂಬನ್ನು ಚೀಲಕ್ಕೆ ಹಾಕಿಕೊಂಡು ಗಾಡಿಯ ಹಿಂದೆ ಹತ್ತಿ ಕೂತರು.

"ಕಳಲೆಗೆ ನಡಿಯಪ್ಪ," ಎಂದರು. "ದಾರೀಲಿ ಆ ಎಲವೋ ಭೀಮಾ ಮಾತು ಸರಿಯಾಗಿ ಹೇಳಿಕೊಡು. ಸಂಜೆಗೆ ಬೇಕಲ್ಲ."