ಚೊಂಬಿನ ನೀರು

ಮೂರು ಬೆರಳು, ಹಳದಿ, ಕಲ್ಲಿನ ಮೇಲೆ ಎಡದಿಂದ ಬಲಕ್ಕೆ — ಶಿವರತ್ನ ಬಾಗುತ್ತಾಳೆ, ಬಳೆ ಮಣಿಕಟ್ಟಿಗೆ ಜಾರುತ್ತದೆ, ಅರಿಸಿನದ ಗೀರು ಎಳೆಯುತ್ತಾಳೆ, ನಡುವೆ ಕುಂಕುಮ, ಜೊತೆಗೆ ಮಗಳ ಹೆಸರು, ರಮ್ಯ, ಆಮೇಲೆ ಮುಂದಿನ ಕಲ್ಲು, ಅಂಗೈಯನ್ನು ಹಿಂದಕ್ಕೆ ಚಾಚುತ್ತಾಳೆ, ತಿರುಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ, ಗಂಡ ಹಿಂದೆಯೇ ಇದ್ದಾನೆ, ಚೊಂಬು ಅವನ ಕೈಯಲ್ಲಿದೆ, ಆ ಗಂಡ ನಾನು, ನೀರು ಬಿಡುತ್ತೇನೆ, ಅವಳ ಅಂಗೈಯಲ್ಲಿ ಪುಡಿ ಕಲಸಿಕೊಳ್ಳುತ್ತದೆ, ಮತ್ತೆ ಮೂರು ಬೆರಳು, ಮತ್ತೆ ರಮ್ಯ — ಅವಳಿಗೆ ಇನ್ನೂ ಗೊತ್ತಿಲ್ಲ, ರಮ್ಯ ಇಲ್ಲ, ಬೆಳಿಗ್ಗೆಯೇ ಹೋಗಿಬಿಟ್ಟಳು, ಈ ಬೆಟ್ಟದಲ್ಲಿ ಅದು ಗೊತ್ತಿರುವವನು ನಾನೊಬ್ಬನೇ, ಹೇಳಬೇಕಾದವನೂ ನಾನೇ, ನೀರು ಬಿಡುತ್ತಾ ಏರುತ್ತಿದ್ದೇನೆ.

ಹತ್ತುವ ಮುಂಚೆ, ಬೆಟ್ಟದ ಬುಡದಲ್ಲಿ, ತಾಳಬೆಟ್ಟದ ಟೀ ಅಂಗಡಿಯ ಹಿಂದೆ ಮಾದಸ್ವಾಮಿ ನಿಂತಿದ್ದ, ಚಿಕ್ಕಪ್ಪನ ಮಗ, ಲೊಕ್ಕನಹಳ್ಳಿಯಿಂದ ಯಾರದೋ ಜೀಪಿನಲ್ಲಿ ರೆಪ್ಪೆಗೂ ಧೂಳು ಮೆತ್ತಿಕೊಂಡು ಬಂದಿದ್ದ, ಅಣ್ಣ ಇತ್ತಗ್ ಬಾ ಎಂದು ತೋಳು ಹಿಡಿದು ಎಳೆದ, ಆಗಲೇ ತಿಳಿಯಿತು, ಆದರೂ ಅವನು ಬಾಯಿಬಿಡುವವರೆಗೆ ಅದು ಆಗಿರುವುದಿಲ್ಲ ಅನ್ನುವ ಹಾಗೆ ಅವನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದೆ, ಮಗು ಓಗ್ಬುಡ್ತು ಕಣಣ್ಣ, ಆಲು ಕುಡೀತಾ ಕುಡೀತಾನೇ, ದೊಡ್ಡವ್ವನ ತೊಡೆ ಮ್ಯಾಗೇ, ಒತ್ತು ಮುಳುಗೋಗಂಟ ಮಡಿಕಂಡಿರ್ತೀವಿ, ಎಳೇ ಮಗೀನ ಆಮ್ಯಾಕೆ ಮನೇಲಿ ಮಡಿಕಳಾಕಿಲ್ಲ ಅಂತಾವ್ರೆ, ಅತ್ತಿಗೇನ ಕರ್ಕಂಡು ಬಿರ್ನೆ ಬಾ, ಜೀಪು ನಿಲ್ಸ್ಕಂಡಿರ್ತೀನಿ. ಅಷ್ಟರಲ್ಲಿ ಶಿವರತ್ನ ಮೊದಲ ಕಲ್ಲಿನ ಮುಂದೆ ಕೂತಿದ್ದಳು, ಹೇಳಿಬಿಡಲೆಂದೇ ಹತ್ತಿರ ಹೋದೆ, ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು, ಅವಳು ಕಲ್ಲಿನ ಮೇಲೆ ಅಂಗೈ ಇಟ್ಟು ತಲೆಯೆತ್ತಿ ನಕ್ಕಳು, ಮೇಷ್ಟ್ರೇ ಮುಟ್ನೋಡಿ, ಎಷ್ಟು ತಣ್ಣಗದೆ, ಜರ ಬುಟ್ಟಾಗ ನಮ್ ಮಗೀನ ಅಣೆ ಇರ್ತದಲ್ಲ, ಅಂಗೇ ಅದೆ. ಮುಟ್ಟಿದೆ. ಚೊಂಬು ಇಡ್ಕಳಿ ಅಂದಳು, ಹಿಡಿದುಕೊಂಡೆ.

ಯಳಂದೂರಿನ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಹೃದಯ ಬರೆಯುತ್ತೇನೆ, ನಾಲ್ಕು ಕೋಣೆ, ಒಂದು ಕಡೆ ಕೆಂಪು ಸೀಮೆಸುಣ್ಣ, ಒಂದು ಕಡೆ ನೀಲಿ, ನಡುವಿನ ಗೋಡೆ ಬಿಳಿ, ಎರಡೂ ರಕ್ತ ಬೆರೆಯಬಾರದು ಎಂದು ಹೇಳಿ ಕೈ ಒದರಿಕೊಳ್ಳುತ್ತೇನೆ, ನನ್ನ ಮಗಳ ಎದೆಯಲ್ಲಿ ಬೆರೆಯುತ್ತಿತ್ತು, ಗೋಡೆಯಲ್ಲಿ ತೂತು, ತುಟಿ ನೀಲಿ, ಉಗುರು ನೀಲಿ, ಏನವ್ವ ಕದ್ದು ನೇರಳೆಅಣ್ಣು ತಿಂದಿದ್ದೀಯಾ ಎಂದು ಬೀದಿಯವರು ಕೇಳಿದರೆ ನಾಲಗೆ ಪೂರಾ ಚಾಚಿ ತೋರಿಸುತ್ತಿದ್ದಳು, ರಜಕ್ಕೆ ಲೊಕ್ಕನಹಳ್ಳಿಗೆ ಹೋದಾಗ ಹೊಲಕ್ಕೆ ಆನೆ ಇಳಿದರೆ ಊರವರು ತಮಟೆ ಬಡಿಯುತ್ತಿದ್ದರು, ಆ ಸದ್ದಿಗೆ ಬೆಚ್ಚಿ ಬಿದ್ದು ಅತ್ತು ಅತ್ತು ಇನ್ನೂ ನೀಲಿಯಾಗುತ್ತಿದ್ದಳು, ಜ್ವಾಳ ತಿಂದ್ರೆ ತಿನ್ಲಿ, ಬಡೀಬ್ಯಾಡ್ರಪ್ಪೋ ಎಂದು ನನ್ನ ಅವ್ವ, ಮಾದಸ್ವಾಮಿಯ ದೊಡ್ಡವ್ವ, ಹಟ್ಟಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು, ಆ ವರ್ಷ ನಮ್ಮ ಹೊಲದಲ್ಲಿ ಬರೀ ದಂಟು. ಮೈಸೂರಿನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು, ಮಗೀನ ಎದೆ ಕುಯ್ಯಕ್ ಮುಂಚೆ ಮಾದಪ್ಪಂಗೆ ಒಂದ್ ಮಾತು ಏಳ್ಬುಟ್ ಬರಣ, ಕಾಲಿಡೋ ಕಲ್ಲಿಗೆಲ್ಲ ಅರಿಸಿನ ಇಟ್ಕಂಡ್ ಅತ್ತುತೀನಿ ಅಂತ ಒಪ್ಪಿಕಂಡಿವ್ನಿ ಅಂದಳು ಶಿವರತ್ನ, ಸರಿ ಅಂದೆ, ನಂಬಿ ಅಲ್ಲ, ಅವಳಿಗೆ ಸ್ವಲ್ಪ ನಿದ್ದೆಯಾದರೂ ಬರಲಿ ಎಂದು. ನಾನೂ ಬತ್ತೀನಿ, ಉಲಿ ಮ್ಯಾಲ್ ಕೂತವ್ನ ನೋಡ್ಬೇಕು ಎಂದು ರಮ್ಯ ನನ್ನ ಪ್ಯಾಂಟು ಹಿಡಿದು ಜೋತುಬಿದ್ದಳಲ್ಲ, ಬೇಡ, ಮೇಲೆ ಗಾಳಿ ತೆಳುವಾಗಿರುತ್ತದೆ ಎಂದು ವಿಜ್ಞಾನ ಹೇಳಿದೆ ನಾನು, ಐದು ವರ್ಷದ ಮಗುವಿಗೆ, ಅವ್ವನ ಹತ್ತಿರ ಬಿಟ್ಟು ಬರಲು ಒಂದೊಂದೇ ಬೆರಳು ಬಿಡಿಸಿದೆ — ಎಷ್ಟು ಸಣ್ಣ ಬೆರಳು, ತುದಿ ಮಾತ್ರ ದಪ್ಪ, ನೀಲಿ.

ಉಘೇ ಮಾದಪ್ಪ, ಉಘೇ — ಹಿಂದಿನಿಂದ ಪರುಸೆಗೆ ಹೊರಟ ಭಕ್ತರು ಬಂದರು, ಬೆವರು, ಧೂಪ, ಸೊಪ್ಪಿನ ವಾಸನೆ, ಗಂಟು ಹೊತ್ತ ಮುದುಕಿಯೊಬ್ಬಳು ಪಕ್ಕದಲ್ಲೇ ನಿಂತುಬಿಟ್ಟಳು, ಏನವ್ವ ನಿನ್ನರಕೆ, ಮಗೀಗೆ ಕಣವ್ವ ಎದೇಲಿ ತೂತದೆ ಎಂದಳು ಶಿವರತ್ನ, ತೂತಾ, ಅಷ್ಟೇ ತಾನೆ ಬುಡು, ಸೈಕಲ್ಲಿಗೆ ಪಂಚರ್ ಆಕ್ದಂಗೆ ಆಕ್ಬುಡ್ತಾನೆ ನಮ್ಮಪ್ಪ, ಕಾಸೂ ಕೇಳಾಕಿಲ್ಲ — ಶಿವರತ್ನ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಾಳೆ, ಈ ನಗು ಕೇಳಿ ಎಷ್ಟು ಕಾಲವಾಯಿತು, ಇನ್ನೊಂದು ಕಲ್ಲಿನವರೆಗೆ ನಗಲಿ, ಇನ್ನೊಂದೇ — ಮುದುಕಿ ನನ್ನ ಕಡೆ ತಿರುಗಿದಳು, ಈ ಪ್ಯಾಂಟಿನ ದೊರೆ ಯಾರವ್ವ, ಚೊಂಬು ಇಡಿಯಾಕೆ ಕೂಲಿಗ್ ಕರ್ಕಂಡ್ ಬಂದಿದ್ದೀಯಾ, ಮಖ ನೋಡು, ಸಾವಿನ್ ಮನೆಗ್ ಬಂದವ್ನಂಗೆ ಮಡಿಕಂಡವ್ನೆ, ನಗಯ್ಯಾ, ಮಾದಪ್ಪನ್ ತಾವ ಓಯ್ತಾ ಇದ್ದೀಯ. ನಕ್ಕೆ. ಹೇಗಿತ್ತೋ ಆ ನಗು, ಮುದುಕಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು, ಸರಸರ ಮುಂದೆ ಹೋದಳು, ತಿರುಗಲಿಲ್ಲ.

ಬಿದಿರ ಮೆಳೆಯ ನೆರಳು ದಾರಿಯ ಈ ಬದಿಗೆ ಬಂದಿದೆ, ಹೊತ್ತು ಇಳಿಯುತ್ತಿದೆ, ಕೆಳಗೆ ಮಾದಸ್ವಾಮಿಯೂ ಅದನ್ನೇ ನೋಡುತ್ತಿರುತ್ತಾನೆ, ಈಗ ಹೇಳಿದರೆ ಸೂತಕ, ಅವಳು ಇನ್ನೊಂದು ಕಲ್ಲು ಮುಟ್ಟುವ ಹಾಗಿಲ್ಲ, ಹರಕೆ ಅರ್ಧಕ್ಕೆ ನಿಲ್ಲುತ್ತದೆ, ಆದರೆ ಮಗಳ ಮುಖ ನೋಡಲು ಸಿಗುತ್ತದೆ, ಹೇಳದಿದ್ದರೆ ಗುಡಿ ಸಿಗುತ್ತದೆ, ತೀರ್ಥ ಸಿಗುತ್ತದೆ, ಕುಪ್ಪಿಯಲ್ಲಿ ತುಂಬಿಕೊಂಡು ಬರುತ್ತಾಳೆ ಮಗಳಿಗೆ ಕುಡಿಸಲು, ಹೊಲದಂಚಿನಲ್ಲಿ ಹಸಿ ಮಣ್ಣು ಕಾದಿರುತ್ತದೆ. ಬಿಸಿ ಇದ್ದದ್ದು ಸುತ್ತಲಿನ ತಾಪಕ್ಕೆ ಇಳಿಯುವತನಕ ಇಳಿಯುತ್ತದೆ, ಮೊದಲು ಬೇಗ, ಆಮೇಲೆ ನಿಧಾನ, ಬೀಕರಿನಲ್ಲಿ ಥರ್ಮಾಮೀಟರು ಇಟ್ಟು ತೋರಿಸಿದ್ದೇನೆ, ಗ್ರಾಫಿನ ಗೆರೆ ಕೊನೆಗೆ ಮಲಗಿಬಿಡುತ್ತದೆ, ಕಲ್ಲೂ ಹಣೆಯೂ ಒಂದೇ — ಅವ್ವ ಈಗ ಮೀಯಿಸಿ ಅರಿಸಿನ ಹಚ್ಚುತ್ತಿರಬಹುದು, ಕೆನ್ನೆಗೆ, ಪಾದಕ್ಕೆ, ಇದೇ ಹಳದಿ, ಹಣೆಗೆ ಮೂರು ಬೆರಳು. ಹರಕೆ ಉಳಿಸುತ್ತಿದ್ದೇನೆ ಅಂದುಕೊಂಡೆನಲ್ಲ, ಏನು ಉಳಿಸಿದೆ, ನೀರು ಬಿಟ್ಟ ಕೈ ಯಾರದು, ಸತ್ತ ಮಗುವಿನ ಅಪ್ಪನದು, ಸೂತಕದ ಕೈ, ನನಗೆ ಸೂತಕದಲ್ಲಿ ನಂಬಿಕೆಯಿಲ್ಲ, ಅವಳಿಗಿದೆ, ಯಾಕೆ ಹೇಳಲಿಲ್ಲ ಎಂದು ಅವಳು ಮೊದಲು ಕೇಳುವುದಿಲ್ಲ, ಯಾವ ಕಲ್ಲಿನಿಂದ ಗೊತ್ತಿತ್ತು ಎಂದು ಕೇಳುತ್ತಾಳೆ, ಮೊದಲನೆಯದರಿಂದ ಅನ್ನಬೇಕು, ಕೆಳಗಿನ ಒಂದು ಗೀರೂ ಶುದ್ಧವಿಲ್ಲ, ನಗುನಗುತ್ತಾ ಇಟ್ಟವು, ಎಲ್ಲವೂ ಕೆಟ್ಟವು, ನನ್ನ ಕೈಯಿಂದ.

ನೀರು ಬುಡಿ ಮೇಷ್ಟ್ರೇ, ಅಂಗೈ ಚಾಚಿದ್ದಾಳೆ, ಅಂಗೈಯ ಗೆರೆಗಳೆಲ್ಲ ಹಳದಿ, ಚೊಂಬು ಬಾಗಿಸುತ್ತೇನೆ, ನೀರು ಬರುತ್ತದೆ, ಇಲ್ಲ, ಈ ಕೈಯ ನೀರು ಇನ್ನು ಅವಳ ಕೈಗೆ ಬೇಡ, ಮಣಿಕಟ್ಟು ತಾನೇ ಪಕ್ಕಕ್ಕೆ ತಿರುಗುತ್ತದೆ, ನೀರು ಅಂಗೈ ಬಿಟ್ಟು ನೆಲಕ್ಕೆ, ಸುರಿಯುತ್ತಿದೆ, ನಿಲ್ಲಿಸಲಿಲ್ಲ ನಾನು, ಅಯ್ಯೋ ಮೇಲೆ ಎಲ್ಲೂ ನೀರಿಲ್ಲ, ಏನ್ ಮಾಡ್ತಾ ಇದ್ದೀರಿ ಎಂದು ತಿರುಗಿದಳು, ಚೊಂಬು ನೋಡಿದಳು, ಬರಿದಾಗುವತನಕ ನೋಡಿದಳು, ಆಮೇಲೆ ನನ್ನ ಮುಖ. ಟೀ ಅಂಗ್ಡಿ ತಾವ ಮಾದಸ್ವಾಮಿನ ಕಂಡಂಗಾಯ್ತು, ಅವ್ನಲ್ಲ ಅಂದ್ಕಂಡೆ, ಅವ್ನಲ್ಲ ಅನ್ನಿ ಮೇಷ್ಟ್ರೇ. ಬಾಯಿ ತೆರೆಯುತ್ತೇನೆ, ತಮಟೆ ಬಡೀಬ್ಯಾಡ್ರಪ್ಪೋ ಎಂದು ಅವ್ವ ಕೂಗಿದ್ದು ಕೇಳಿಸುತ್ತದೆ, ಜೀಪು ಕಾಯುತ್ತಿದೆ, ಇಳಿಯಬೇಕು, ಎದ್ದೇಳು ಶಿವರತ್ನ, ಬೆಳಕು ಇನ್ನೂ ಇದೆ, ಅವಳು ಏಳುವುದಿಲ್ಲ, ನೀರು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಇಳಿಯುತ್ತದೆ, ಈಗಷ್ಟೇ ಎಳೆದ ಗೀರಿಗೆ ತಾಗಿ ಹಳದಿಯಾಗಿ ಹರಿಯುತ್ತದೆ, ಅವಳು ಅದಕ್ಕೆ ಅಡ್ಡ ಅಂಗೈ ಊರುತ್ತಾಳೆ, ಒತ್ತಿ ಹಿಡಿಯುತ್ತಾಳೆ, ಜ್ವರ ನೋಡುವ ಹಾಗೆ, ಬೆರಳ ಸಂದಿಯಲ್ಲಿ ಹಳದಿ, ಕಲ್ಲು, ತಣ್ಣಗೆ, ಹಣೆ, ಮೂರು ಬೆರಳು, ತಣ್ಣಗೆ, ಹಣೆ —