ಇನ್ನೂ ಹಸಿ ಇದೆ

ತಂಗಿಯ ಗಂಡ ಮೂರನೆಯ ತೆನೆಯನ್ನೂ ಮುರಿದು ಅವಳ ಮೂಗಿನ ಕೆಳಗೆ ಹಿಡಿದ. "ನೋಡು, ಕಣ್ಣಿಟ್ಟು ನೋಡು. ಹಾಲು ಎಲ್ಲಿದೆ ಇದ್ರಲ್ಲಿ?"

ತಂಗಿ ನೋಡಿದಳು. ಮೆಕ್ಕೆಜೋಳದ ಕಾಳು ಮೇಲರ್ಧ ಗಟ್ಟಿಯಾಗಿ ಕೆಳಗರ್ಧ ಹಾಲಿರುವಾಗ ಕೊಯ್ದು, ಕತ್ತರಿಸಿ, ಗುಂಡಿಗೆ ತುಂಬಿ ಮುಚ್ಚಿಟ್ಟರೆ ಹಸುಗಳಿಗೆ ತಿಂಗಳುಗಟ್ಟಲೆ ಕೆಡದ ಒಳ್ಳೆಯ ರಸಮೇವಾಗುತ್ತದೆ. ಈ ಕಾಳಿನಲ್ಲಿ ಬುಡದ ಹತ್ತಿರ ಒಂದಿಷ್ಟು ಬಿಳುಪು ಉಳಿದಿತ್ತು, ಅಷ್ಟೇ. ಒತ್ತಿದರೆ ಉಗುರು ಇಳಿಯಲಿಲ್ಲ.

"ಇನ್ನೆರಡು ದಿನ ಇರ್ಲಿ," ಎಂದಳು.

"ಹೋದ ವಾರಾನೂ ಇದನ್ನೇ ಅಂದೆ."

"ಅಕ್ಕ ಬಂದು ನೋಡ್ಲಿ ರೀ. ಅವಳಿಗೆ ಗೊತ್ತಾಗೋ ಹಾಗೆ ನಮಗೆ ಗೊತ್ತಾಗುತ್ತಾ?"

ಗಂಡ ತೆನೆಯನ್ನು ಬಿಸಾಡಿ ಹೊರಟುಹೋದ. ಅವನು ಜಗಳಕ್ಕೆ ನಿಲ್ಲುವವನಲ್ಲ. ಸಿಟ್ಟು ಬಂದರೆ ಕೊಟ್ಟಿಗೆಗೆ ಹೋಗಿ ಹಸುಗಳ ಮುಂದೆ ಗೊಣಗುತ್ತಾನೆ. ಹನ್ನೊಂದು ಹಸುಗಳಿಗೂ ಆ ಮನೆಯ ಸಮಾಚಾರವೆಲ್ಲ ಗೊತ್ತು.

ಹತ್ತೊಂಬತ್ತು ವರ್ಷ ಆ ಗುಂಡಿ ತುಂಬಿದ್ದು ಅಕ್ಕ ತಂಗಿ ಇಬ್ಬರೇ. ಮನೆ ಅಪ್ಪನದು. ಅಕ್ಕನಿಗೆ ಮದುವೆಯಾಗಿರಲಿಲ್ಲ, ತಂಗಿಯ ಗಂಡ ಮನೆ ಅಳಿಯನಾಗಿ ಬಂದಿದ್ದ. ಕೊಯ್ಲಿನ ದಿನ ಯಾವುದೆಂದು ಹೇಳುವವಳು ಅಕ್ಕ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಅಂಗೈ ಬಿಚ್ಚುವಳು. ಉಂಡೆ ಮೆಲ್ಲಗೆ ಬಿಚ್ಚಿಕೊಂಡರೆ "ಹೂಂ, ತುಂಬಿ" ಅನ್ನುವಳು. ಗುಂಡಿಯಲ್ಲಿ ಗಾಳಿ ಉಳಿಯಬಾರದು, ಉಳಿದರೆ ಬೂಷ್ಟು ಹಿಡಿಯುತ್ತದೆ. ಟ್ರ್ಯಾಕ್ಟರ್ ಎಷ್ಟು ಓಡಾಡಿದರೂ ಮೂಲೆಗಳಿಗೆ ಕಾಲೇ ಬೇಕು. ಅಲ್ಲಿ ಇಬ್ಬರೂ ಹೆಗಲು ಹೆಗಲು ಹಿಡಿದು ತುಳಿಯುತ್ತಿದ್ದರು. ತುಳಿಯುತ್ತ ಅವರು ಆಡಿಕೊಳ್ಳದ ನೆಂಟರಿಲ್ಲ, ಅಣಕಿಸದ ನೆರೆಯವರಿಲ್ಲ. ವರ್ಷಕ್ಕಾಗುವಷ್ಟು ನಗುವನ್ನೂ ಅಲ್ಲೇ ನಕ್ಕು ಮೇಲೆ ಬರುತ್ತಿದ್ದರು.

ಹಾಗಿದ್ದ ಅಕ್ಕ ನಲವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬ ಬಸ್ ಕಂಡಕ್ಟರನನ್ನು ಮದುವೆಯಾಗಿ ಪಟ್ಟಣಕ್ಕೆ ಹೋದಳು. ಹಾಲಿನ ಕ್ಯಾನು ಬಸ್ಸಿಗೆ ಏರಿಸುವಾಗ ಆದ ಪರಿಚಯವಂತೆ. ಊರು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ತಂಗಿ ಊರಿನ ಬಾಯಿ ಮುಚ್ಚಿಸಿ, ಎಲ್ಲರಿಗಿಂತ ಹೆಚ್ಚು ಓಡಾಡಿ ಮದುವೆ ಮಾಡಿಸಿದಳು. ಬಸ್ಸು ಹೊರಟ ಮೇಲೆ ಕೊಟ್ಟಿಗೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. "ಗುಂಡಿ ತುಂಬೋಕೆ ಬಂದೇ ಬರ್ತೀನಿ ಕಣೇ!" ಎಂದು ಅಕ್ಕ ಕಿಟಕಿಯಿಂದ ಕೂಗಿದ್ದಳು.

ಹನ್ನೆರಡು ದಿನದ ಹಿಂದೆ ಅಕ್ಕನ ಫೋನು ಬಂದಿತ್ತು. "ಅತ್ತೆ ಜಾರಿ ಬಿದ್ದು ಕಾಲು ಮುರ್ಕೊಂಡಿದ್ದಾರೆ. ಬಿಟ್ಟು ಬರೋ ಹಾಗಿಲ್ಲ. ಜೋಳ ಹೇಗಿದೆ? ಹದಕ್ಕೆ ಬಂದಿದ್ರೆ ನನ್ನ ಕಾಯ್ಬೇಡ, ಕೊಯ್ಸಿಬಿಡು."

ತಂಗಿ ಆ ಬೆಳಗ್ಗೆಯೇ ಹೊಲಕ್ಕೆ ಹೋಗಿ ತೆನೆ ಮುರಿದು ನೋಡಿ ಬಂದಿದ್ದಳು. ಹದ ಅಂದರೆ ಅದೇ ಹದ, ಅಕ್ಕ ನೋಡಿದ್ದರೂ ಅದನ್ನೇ ಹೇಳುತ್ತಿದ್ದಳು.

"ಇನ್ನೂ ಹಸಿ ಇದೆ ಅಕ್ಕ," ಎಂದಳು. "ಅವಸರ ಏನಿಲ್ಲ."

ಅಕ್ಕ ನಂಬಿದಳು. ಅಂದಿನಿಂದ ದಿನಾ ಬಸ್ಸಿನ ಸದ್ದಿಗೆ ತಂಗಿ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುವಳು. ಬೇರೆ ಯಾರೋ ಇಳಿಯುವರು. ಒಳಗೆ ಹೋಗುವಾಗ ಅವಳಿಗೆ ಅಕ್ಕನ ಮೇಲೆ ಸಿಟ್ಟು, ಅಕ್ಕನ ಅತ್ತೆಯ ಮೇಲೆ ಇನ್ನೂ ಸಿಟ್ಟು, ಕೊನೆಗೆ ತನ್ನ ಬಗ್ಗೆಯೇ ನಾಚಿಕೆ.

ತೆನೆ ಬಿಸಾಡಿ ಹೋದ ನಾಲ್ಕು ದಿನಕ್ಕೆ ಗಂಡ ಹೇಳದೆ ಕೇಳದೆ ಕತ್ತರಿಸುವ ಯಂತ್ರದವನನ್ನು ಕರೆತಂದ. ಅವನು ಮೇವನ್ನು ಹಿಂಡಿ ನೋಡಿದ. ಉಂಡೆ ನಿಲ್ಲದೆ ಬೆರಳ ಸಂದಿಯಿಂದ ಉದುರಿತು.

"ಇದು ಮೇವಲ್ಲಮ್ಮ, ಸೌದೆ," ಎಂದ.

ನೀರು ಚಿಮುಕಿಸಿ ತುಂಬಿದರು. ತಂಗಿ ಗೋಡೆ ಹಿಡಿದುಕೊಂಡು ಮೂಲೆಗಳನ್ನು ಒಬ್ಬಳೇ ತುಳಿದಳು. ಎಷ್ಟು ತುಳಿದರೂ ಮೇವು ಹಾಸಿಗೆಯ ಹಾಗೆ ಮತ್ತೆ ಉಬ್ಬುತ್ತಿತ್ತು. ಮೇಲೆ ಪ್ಲಾಸ್ಟಿಕ್ ಹೊದಿಸಿ ಹಳೆಯ ಟೈರುಗಳನ್ನು ಹೇರಿದರು.

ಐವತ್ತು ದಿನದ ಮೇಲೆ, ಗುಂಡಿ ತೆರೆಯುವ ದಿನ, ಅಕ್ಕ ಬಂದಳು. ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಿದ್ದರು. ಅಕ್ಕನ ಕಾಲಲ್ಲಿ ಹೊಸ ಚಪ್ಪಲಿ, ತೋಳಿನಲ್ಲಿ ಬ್ಯಾಗು. ತಂಗಿ ಓಡಿಹೋಗಿ ಒಳಗಿಂದ ಕುರ್ಚಿ ತಂದು ಗುಂಡಿಯ ಪಕ್ಕದಲ್ಲಿ ಹಾಕಿದಳು. ಆ ಮನೆಯಲ್ಲಿ ಅಕ್ಕನಿಗೆ ಯಾರೂ ಯಾವತ್ತೂ ಕುರ್ಚಿ ತಂದು ಹಾಕಿದ್ದಿಲ್ಲ. ಅಕ್ಕ ಅದನ್ನು ಒಂದು ಗಳಿಗೆ ನೋಡಿ ಕೂತಳು.

"ನಾಲ್ಕೂವರೆ ಬಸ್ಸಿಗೆ ಹೊರಡ್ಬೇಕು," ಎಂದಳು. "ಅವರದ್ದೇ ಡ್ಯೂಟಿ."

ಗಂಡ ಪ್ಲಾಸ್ಟಿಕ್ ಎತ್ತಿದ. ಮೂಗಿಗೆ ಹುಳಿ ಬೆರೆತ ಸಿಹಿ ವಾಸನೆ ಬರಬೇಕಿತ್ತು. ಬಂದದ್ದು ಸುಟ್ಟ ಹೊಗೆಸೊಪ್ಪಿನ ವಾಸನೆ. ಮೇಲೆ ಒಂದು ಮೊಳದಷ್ಟು ಮೇವು ಬೂದು ಬೂಷ್ಟು ಹಿಡಿದು ಬಿಸಿಯಾಗಿತ್ತು. ಗಂಡ ಬುಟ್ಟಿ ತರಲು ಕೊಟ್ಟಿಗೆಯ ಕಡೆ ಹೋದ.

ಅಕ್ಕ ಬಗ್ಗಿ ಒಂದು ಹಿಡಿ ತೆಗೆದು ಬಿಡಿಸಿದಳು. ಕಲ್ಲಿನಂಥ ಒಂದು ಕಾಳು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ಹೊರಳಿಸಿ ನೋಡಿದಳು.

"ನಾನು ಫೋನ್ ಮಾಡ್ದಾಗ್ಲೇ ಇದು ಹದಕ್ಕೆ ಬಂದಿತ್ತು ಅಲ್ವೇನೇ?"

"ಹೂಂ."

"ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ ಹಸಿ ಇದೆ ಅಂದ್ಯಲ್ಲೇ."

"ಹದಕ್ಕೆ ಬಂದಿದೆ ಅಂದಿದ್ರೆ ನೀನು ಬರ್ತಾನೇ ಇರ್ಲಿಲ್ಲ."

ಇದಕ್ಕಿಂತ ಸಣ್ಣ ತಪ್ಪಿಗೆ ಅಕ್ಕ ಮನೆ ಹಾರಿಹೋಗುವಂತೆ ಕೂಗಾಡಿದ್ದುಂಟು. ಈಗಲೂ ಕೂಗಾಡಲಿ ಎಂದು ತಂಗಿಗೆ ಆಸೆಯಾಯಿತು. ಅಕ್ಕ ಕೂಗಾಡಲಿಲ್ಲ.

"ಮುಂದಿನ ಸಲ," ಎಂದು ಶುರುಮಾಡಿ ನಿಲ್ಲಿಸಿದಳು.

ಬರ್ತೀನಿ ಅನ್ನುತ್ತಾಳೇನೋ ಎಂದು ತಂಗಿ ಕಾದಳು.

"ಮುಂದಿನ ಸಲ ನೀನೇ ನೋಡಿ ಕೊಯ್ಸು."

ತಂಗಿ ತಲೆಯಾಡಿಸಿ, ಗುಂಡಿಗಿಳಿದು, ಬೂಷ್ಟು ಹಿಡಿದದ್ದನ್ನು ಆರಿಸಿ ಎಸೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಮೇವು ಸರಿದಂತಾಯಿತು. ಅಕ್ಕ ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿಗಳನ್ನು ಅದರ ಕೆಳಗೆ ಬಿಟ್ಟು, ಬರಿಗಾಲಲ್ಲಿ ಇಳಿದು ಬಂದಿದ್ದಳು. ಇಬ್ಬರೂ ಕೆಟ್ಟದ್ದನ್ನು ಒಂದು ಕಡೆ, ಉಳಿದದ್ದನ್ನು ಒಂದು ಕಡೆ ಹಾಕುತ್ತ ಹೋದರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.